ಭೂತಾನ್‌ಗೆ ಹೊರಟಿದ್ದೀರಾ? ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಭೂತಾನ್‌ನ ಪಾರೋ ಕಣಿವೆಯ ಹಬ್ಬದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ದೇಶದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ನಾನು ಭೂತಾನ್‌ಗೆ ಹೋಗಿದ್ದು ಎರಡು ಸಲ. 2018ರಲ್ಲಿ ನಲವತ್ತು ಜನರ ದೊಡ್ಡ ಗುಂಪಿನ ಜೊತೆ. 2024ರ ಮಾರ್ಚ್‌ನಲ್ಲಿ ನಾವು ಐದೇ ಜನ ಹೆಂಗಸರು, ಒಬ್ಬ ಗೈಡ್, ಒಬ್ಬ ಡ್ರೈವರ್. ಸಾಗರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ಪಾಠ ಮಾಡಿದವಳು ನಾನು. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಮುಂದಿಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾವು ಗಂಡ ಹೆಂಡತಿ ಇಬ್ಬರೂ ಈಗಷ್ಟೇ ನಿವೃತ್ತರಾಗಿದ್ದೇವೆ. ಒಂದು ಟೂರ್ ಕಂಪನಿಯವರು ಆರು ರಾತ್ರಿಯಲ್ಲಿ ಥಿಂಫು, ಪುನಾಖಾ, ಫೋಬ್‌ಜಿಖಾ, ಬುಮ್‌ತಾಂಗ್, ಪಾರೋ ಎಲ್ಲವನ್ನೂ ತೋರಿಸುತ್ತೇವೆ ಎನ್ನುತ್ತಾರೆ. ನಮ್ಮ ಭಾವಮೈದ, ‘ಗೈಡ್ ಯಾಕೆ, ಸುಮ್ನೆ ದುಡ್ಡು ದಂಡ, ಟ್ಯಾಕ್ಸಿ ಮಾಡಿಕೊಂಡು ನೀವೇ ಹೋಗಿ’ ಎನ್ನುತ್ತಾನೆ. ಯಾವುದು ಒಳ್ಳೆಯದು? (ದಾವಣಗೆರೆ)

ಉತ್ತರ: ಎರಡೂ ಬೇಡ.

ಮೊದಲು ಆ ಪಟ್ಟಿಯಿಂದ ಬುಮ್‌ತಾಂಗ್ ಅನ್ನು ತೆಗೆದುಹಾಕಿಸಿ. ಅದು ಬಹಳ ಚೆನ್ನಾದ ಜಾಗ, ಹಳೇ ದೇವಸ್ಥಾನಗಳ ಊರು. ಆದರೆ ಥಿಂಫುವಿನಿಂದ ಅಲ್ಲಿಗೆ ಒಂದಿಡೀ ದಿನದ ದಾರಿ, ವಾಪಸ್ ಬರಲು ಇನ್ನೊಂದು ದಿನ. ಎಲ್ಲಾ ಘಟ್ಟದ ರಸ್ತೆ. ಆರು ರಾತ್ರಿಯಲ್ಲಿ ಅದನ್ನು ತುರುಕಿದರೆ ನೀವು ನೋಡುವುದು ಕಾರಿನ ಕಿಟಕಿಯನ್ನು ಮಾತ್ರ. ಥಿಂಫು ಎರಡು ರಾತ್ರಿ, ಪುನಾಖಾ ಎರಡು, ಪಾರೋ ಎರಡು. ಇಷ್ಟು ಸಾಕು. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದಾದರೆ ಪುನಾಖಾದ ಒಂದು ರಾತ್ರಿಯನ್ನು ಫೋಬ್‌ಜಿಖಾಕ್ಕೆ ಕೊಡಿ. ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಚಳಿಗಾಲ ಕಳೆಯಲು ಆ ಕಣಿವೆಗೆ ಬರುತ್ತವೆ.

ಇನ್ನು ಗೈಡ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಥಿಂಫು, ಪಾರೋ ದಾಟಿ ಒಳಗೆ ಹೋಗಬೇಕಾದರೆ ಪರವಾನಗಿ ಇರುವ ಗೈಡ್ ಜೊತೆಗಿರಬೇಕು ಎಂಬ ನಿಯಮವೇ ಇದೆ. ಆದರೆ ನಿಯಮಕ್ಕಾಗಿ ಗೈಡ್ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ.

2018ರಲ್ಲಿ ನಾವು ಪುನಾಖಾ ಜೋಂಗ್‌ಗೆ ಹೋದೆವು. ಜೋಂಗ್ ಎಂದರೆ ಕೋಟೆ. ಅರ್ಧ ಮಠ, ಅರ್ಧ ಸರ್ಕಾರಿ ಕಚೇರಿ. ಫೋ ಛು, ಮೋ ಛು ಎಂಬ ಎರಡು ನದಿಗಳು ಕೂಡುವ ಜಾಗದಲ್ಲಿದೆ. ನಾವು ಕೂಡ್ಲಿ ನೋಡಿದವರು, ಸಂಗಮ ಎಂದರೆ ಏನೆಂದು ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅಂಗಳದಲ್ಲಿ ನಿಂತಿದ್ದೆವು. ಒಳಗಿನಿಂದ ಉದ್ದನೆಯ ಕಹಳೆಗಳ ಸದ್ದು ಶುರುವಾಯಿತು. ನೆಲವೇ ಗುಂಯ್‌ಗುಡುವಂಥ ಸದ್ದು. ಕೆಂಪು ಬಟ್ಟೆಯ ಸಣ್ಣ ಹುಡುಗರು ಸಾಲಾಗಿ ಒಳಗೆ ಹೋಗುತ್ತಿದ್ದರು. ಅಷ್ಟರಲ್ಲಿ ನಮ್ಮ ಟೂರ್ ಮ್ಯಾನೇಜರ್ ಬಾವುಟ ಎತ್ತಿ, ‘ಊಟಕ್ಕೆ ಲೇಟಾಯ್ತು, ಎಲ್ಲರೂ ಬಸ್ಸಿಗೆ’ ಎಂದು ಕೂಗಿದರು. ಗಡಿಯಾರ ನೋಡಿದೆ. ನಾವು ಅಲ್ಲಿದ್ದದ್ದು ಮೂವತ್ತೈದು ನಿಮಿಷ. ಊರಿಂದ ಕರೆದುಕೊಂಡು ಬಂದಿದ್ದ ಅಡುಗೆಯವರು ಪೂರಿ ಸಾಗು ಮಾಡಿದ್ದರು. ಊಟ ಚೆನ್ನಾಗಿಯೇ ಇತ್ತು. ಆದರೆ ಅವತ್ತಿನ ಸಂಕಟ ಆರು ವರ್ಷ ನನ್ನನ್ನು ಬಿಡಲಿಲ್ಲ.

2024ರಲ್ಲಿ ಅದೇ ಜಾಗಕ್ಕೆ ಹೋದಾಗ ನಮ್ಮ ಜೊತೆ ಮೂವತ್ತರ ಆಸುಪಾಸಿನ ಒಬ್ಬ ಗೈಡ್ ಇದ್ದ. ಮೊಣಕಾಲವರೆಗಿನ ಘೋ ಎಂಬ ನಿಲುವಂಗಿ, ಕರಿ ಸಾಕ್ಸ್. ಜೋಂಗ್ ಬಾಗಿಲಲ್ಲಿ ಬಿಳಿ ಶಲ್ಯವನ್ನು ಎಡಭುಜದಿಂದ ಇಳಿಬಿಟ್ಟು ಸರಿಮಾಡಿಕೊಂಡ. ಅದಿಲ್ಲದೆ ಅವರು ಒಳಗೆ ಕಾಲಿಡುವಂತಿಲ್ಲ. ‘ಅಮ್ಮಾ, ಮೊದಲು ಕೂತ್ಕೊಳ್ಳಿ’ ಎಂದು ಹಿಂದಿಯಲ್ಲಿ ಹೇಳಿ ನಮ್ಮನ್ನು ಮೆಟ್ಟಿಲ ಮೇಲೆ ಕೂರಿಸಿದ. ಗೋಡೆಯ ಮೇಲಿನ ಭವಚಕ್ರದ ಚಿತ್ರ ತೋರಿಸಿದ. ನಡುವಿನಲ್ಲಿ ಹಂದಿ, ಹಾವು, ಹುಂಜ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಅಜ್ಞಾನ, ದ್ವೇಷ, ಆಸೆ. ಈ ಜೋಂಗ್ ಅನ್ನು 1637ರಲ್ಲಿ ಕಟ್ಟಲು ಶುರುಮಾಡಿದ ಝಬ್‌ದ್ರುಂಗ್ ಗವಾಂಗ್ ನಮ್‌ಗ್ಯಾಲ್ ಬೇರೆ ಬೇರೆ ಕಣಿವೆಗಳನ್ನು ಸೇರಿಸಿ ದೇಶ ಮಾಡಿದ್ದು ಹೇಗೆಂದು ಹೇಳಿದ. 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಪ್ರವಾಹ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂದು ಅವನ ತಂದೆ ಹೇಳುತ್ತಿದ್ದ ಕತೆ ಹೇಳಿದ. ಚಳಿಗಾಲದಲ್ಲಿ ದೇಶದ ದೊಡ್ಡ ಗುರು ಜೆ ಖೆನ್ಪೋ ಮತ್ತು ಅವರ ಸಂನ್ಯಾಸಿ ಸಮೂಹ ಥಿಂಫುವಿನ ಚಳಿ ಬಿಟ್ಟು ಇಲ್ಲಿಗೆ ಇಳಿದು ಬರುತ್ತದೆ, ಬೇಸಿಗೆಗೆ ಮತ್ತೆ ಮೇಲೆ ಹೋಗುತ್ತದೆ. ಇದೆಲ್ಲ ಗೊತ್ತಾದ ಮೇಲೆ ಅದೇ ಕಹಳೆ ಸದ್ದು ಮತ್ತೆ ಕೇಳಿತು. ಈ ಸಲ ನಾವು ಎದ್ದು ಹೋಗಲಿಲ್ಲ. ಎರಡೂವರೆ ಗಂಟೆ ಅಲ್ಲೇ ಇದ್ದೆವು.

ಇನ್ನೊಂದು ಉದಾಹರಣೆ. ಹೋಟೆಲ್, ಶಾಲೆ, ದೇವಸ್ಥಾನ, ಎಲ್ಲಿ ನೋಡಿದರೂ ಒಂದು ಚಿತ್ರ ಕಾಣುತ್ತದೆ. ಹಣ್ಣಿನ ಮರದಡಿ ಆನೆ, ಆನೆ ಮೇಲೆ ಕೋತಿ, ಕೋತಿ ಮೇಲೆ ಮೊಲ, ಮೊಲದ ಮೇಲೆ ಹಕ್ಕಿ. ಮೊದಲ ಸಲ ಹೋದಾಗ ಅದನ್ನು ಮಕ್ಕಳ ಚಿತ್ರ ಎಂದುಕೊಂಡಿದ್ದೆ. ಬೀಜ ತಂದಿದ್ದು ಹಕ್ಕಿ, ನೀರು ಹಾಕಿದ್ದು ಮೊಲ, ಗೊಬ್ಬರ ಹಾಕಿದ್ದು ಕೋತಿ, ಕಾವಲು ಕಾದಿದ್ದು ಆನೆ. ಎಲ್ಲರಿಗಿಂತ ಮೊದಲು ಮರವನ್ನು ಕಂಡವರಿಗೆ ಹಿರಿಯರ ಗೌರವ. ಅದಕ್ಕೇ ಪುಟ್ಟ ಹಕ್ಕಿ ಎಲ್ಲಕ್ಕಿಂತ ಮೇಲೆ ಕೂತಿದೆ. ಇದು ಹಳೇ ಜಾತಕ ಕತೆ, ನಮ್ಮ ಕಡೆಯಿಂದಲೇ ಬೆಟ್ಟ ಹತ್ತಿ ಹೋಗಿದ್ದು. ನನಗೆ ಇದನ್ನು ಹೇಳಿದ್ದು ಗೈಡ್.

ಹಾಗಾಗಿ ಟೂರ್ ಕಂಪನಿಗೆ ಎರಡು ಮಾತು ಕೇಳಿ. ನಮ್ಮ ಗೈಡ್ ಯಾರು, ಅವರಿಗೆ ಹಿಂದಿ ಅಥವಾ ಇಂಗ್ಲಿಷ್ ಚೆನ್ನಾಗಿ ಬರುತ್ತದಾ? ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ಇರುತ್ತೇವೆ? ಎರಡನೇ ಪ್ರಶ್ನೆಗೆ ನೇರ ಉತ್ತರ ಕೊಡದವರ ಜೊತೆ ಹೋಗಬೇಡಿ. ಹೋದ ಮೇಲೆ ಗೈಡ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿ. ‘ಇದು ಎಷ್ಟು ವರ್ಷ ಹಳೇದು’ ಎಂದು ಮಾತ್ರ ಕೇಳಬೇಡಿ. ‘ನಿಮ್ಮ ಊರಲ್ಲಿ ಈ ಹಬ್ಬ ಹೇಗೆ ಮಾಡ್ತೀರಿ, ನಿಮ್ಮ ಅಮ್ಮ ಏನು ಅಡುಗೆ ಮಾಡ್ತಾರೆ’ ಎಂದು ಕೇಳಿ. ಆಗ ಅವರ ಮುಖವೇ ಬೇರೆಯಾಗುತ್ತದೆ.

ಪ್ರಶ್ನೆ: ಭೂತಾನ್‌ಗೆ ವೀಸಾ ಬೇಡ ಎನ್ನುತ್ತಾರೆ, ಮತ್ತೆ ದಿನಕ್ಕೆ ಸಾವಿರಾರು ರೂಪಾಯಿ ಕಟ್ಟಬೇಕು ಎನ್ನುತ್ತಾರೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. (ತುಮಕೂರು)

ಉತ್ತರ: ಭಾರತದವರಿಗೆ ವೀಸಾ ಬೇಡ, ಪ್ರವೇಶ ಪರ್ಮಿಟ್ ಬೇಕು. ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಬೇಕು. ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. ಮಕ್ಕಳಿಗೆ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ದಿನಕ್ಕೆ ಕಟ್ಟುವ ಹಣಕ್ಕೆ ಸುಸ್ಥಿರ ಅಭಿವೃದ್ಧಿ ಶುಲ್ಕ ಎನ್ನುತ್ತಾರೆ. ನಾವು ಹೋದಾಗ ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ ಇತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಆರಕ್ಕಿಂತ ಚಿಕ್ಕವರಿಗೆ ಇಲ್ಲ. ಆ ಲೆಕ್ಕದಲ್ಲಿ ನಿಮ್ಮ ಮನೆಗೆ ರಾತ್ರಿಗೆ 3,000, ಆರು ರಾತ್ರಿಗೆ 18,000. ಹೋಟೆಲ್, ಕಾರು, ಗೈಡ್, ಜೋಂಗ್‌ಗಳ ಪ್ರವೇಶ ಶುಲ್ಕ ಎಲ್ಲ ಬೇರೆ. ಬೇರೆ ದೇಶಗಳ ಹೆಚ್ಚಿನವರು 100 ಡಾಲರ್ ಕಟ್ಟುತ್ತಾರೆ, ಅದನ್ನು ನೋಡಿದರೆ ನಮಗೆ ದೊಡ್ಡ ರಿಯಾಯಿತಿ. ಹೊರಡುವ ಮುಂಚೆ ಈಗಿನ ದರ ವಿಚಾರಿಸಿಕೊಳ್ಳಿ.

ಅಲ್ಲಿನ ದುಡ್ಡು ಗುಲ್ಟ್ರಂ, ನಮ್ಮ ರೂಪಾಯಿಗೆ ಸರಿಸಮ. ನಮ್ಮ ನೋಟು ಅಲ್ಲಿ ನಡೆಯುತ್ತದೆ. ಅವರ ನೋಟು ಇಲ್ಲಿ ನಡೆಯುವುದಿಲ್ಲ, ವಾಪಸ್ ಬರುವ ಮೊದಲೇ ಖರ್ಚು ಮಾಡಿ. ಬೆಂಗಳೂರಿನಿಂದ ದೆಹಲಿ, ಕೋಲ್ಕತ್ತ ಅಥವಾ ಬಾಗ್‌ಡೋಗ್ರಾಕ್ಕೆ ಹೋಗಿ ಅಲ್ಲಿಂದ ಪಾರೋಗೆ ವಿಮಾನ ಹಿಡಿಯಬಹುದು. ರೈಲಿನವರು ಹಾಸಿಮಾರಾದಲ್ಲಿ ಇಳಿದು ಜಯಗಾಂವ್‌ಗೆ ಹೋಗಿ, ಗಡಿ ದಾಟಿ ಫುನ್‌ಶೋಲಿಂಗ್‌ನಿಂದ ಕಾರಿನಲ್ಲಿ ಥಿಂಫುಗೆ ಹೋಗುತ್ತಾರೆ. ಐದಾರು ಗಂಟೆಯ ಘಟ್ಟ. ಮಕ್ಕಳಿಗೆ ವಾಂತಿ ಮಾತ್ರೆ ಮರೆಯಬೇಡಿ. ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿದ್ದೇವೆ. ಅದೇ ಬುದ್ಧ, ಅದೇ ಬಾವುಟ. ಅಷ್ಟು ದುಡ್ಡು ಕೊಟ್ಟು ಭೂತಾನ್‌ಗೆ ಹೋಗಿ ಹೊಸದೇನು ನೋಡುವುದು? (ಕುಶಾಲನಗರ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ನೀವು ಭೂತಾನ್‌ನ ಅರ್ಧ ಪಾಠವನ್ನು ಮನೆ ಪಕ್ಕದಲ್ಲೇ ಓದಿದ್ದೀರಿ. ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದಲ್ಲಿ ಮೂರು ದೊಡ್ಡ ಬಂಗಾರದ ಮೂರ್ತಿಗಳಿವೆಯಲ್ಲ, ಮೂರೂ ಬುದ್ಧ ಎಂದು ಬಹಳ ಜನ ತಿಳಿಯುತ್ತಾರೆ. ನಡುವೆ ಇರುವುದು ಬುದ್ಧ. ಪಕ್ಕದಲ್ಲಿ ಸಣ್ಣ ಮೀಸೆ, ಚೂಪು ಟೋಪಿ, ಕೈಯಲ್ಲಿ ವಜ್ರಾಯುಧ ಹಿಡಿದವರು ಗುರು ಪದ್ಮಸಂಭವ. ಭೂತಾನ್‌ನವರು ಅವರನ್ನು ಗುರು ರಿಂಪೋಚೆ ಎನ್ನುತ್ತಾರೆ. ಎಂಟನೇ ಶತಮಾನದಲ್ಲಿ ಆ ಬೆಟ್ಟಗಳಿಗೆ ಬೌದ್ಧ ಧರ್ಮ ತಂದವರು ಎಂದು ಅವರ ನಂಬಿಕೆ. ಅಲ್ಲಿ ಯಾವ ಗುಡಿಗೆ ಹೋದರೂ ಆ ಮೀಸೆಯ ಮುಖ ನಿಮಗೆ ಪರಿಚಯದ್ದಾಗಿರುತ್ತದೆ. ಭೂತಾನ್‌ನ ಸಂನ್ಯಾಸಿಗಳು ಓದಲು ನಿಮ್ಮ ಬೈಲಕುಪ್ಪೆಗೆ ಬರುತ್ತಾರೆ ಎಂಬುದೂ ನಿಮಗೆ ಗೊತ್ತಿರಬಹುದು.

ವ್ಯತ್ಯಾಸ ಎಲ್ಲಿದೆ ಗೊತ್ತಾ? ಬೈಲಕುಪ್ಪೆಯವರು ದೇಶ ಕಳೆದುಕೊಂಡು ಬಂದು, ನಮ್ಮ ಜೋಳದ ಹೊಲಗಳ ನಡುವೆ ತಮ್ಮ ಧರ್ಮವನ್ನು ಮತ್ತೆ ನಟ್ಟು ಬೆಳೆಸಿದವರು. ಭೂತಾನ್‌ನಲ್ಲಿ ಅದು ಬೇರು ಬಿಟ್ಟ ಜಾಗದಲ್ಲೇ ನಿಂತಿದೆ. ಜೋಂಗ್‌ನ ಒಂದು ಅಂಗಳದಲ್ಲಿ ಸಂನ್ಯಾಸಿಗಳ ಪಾಠ, ಇನ್ನೊಂದು ಅಂಗಳದಲ್ಲಿ ಜಿಲ್ಲಾ ಆಡಳಿತದ ಫೈಲುಗಳು. ಬ್ಯಾಂಕಿಗೆ ಹೋಗುವ ಮುದುಕಿ ಒಂದು ಕೈಯಲ್ಲಿ ಪಾಸ್‌ಬುಕ್, ಇನ್ನೊಂದರಲ್ಲಿ ಪ್ರಾರ್ಥನಾ ಚಕ್ರ ಹಿಡಿದಿರುತ್ತಾಳೆ. ಥಿಂಫುವಿನ ಸ್ಮಾರಕ ಚೋರ್ತೆನ್‌ಗೆ, ಅಂದರೆ ಸ್ತೂಪಕ್ಕೆ, ಬೆಳಿಗ್ಗೆ ಏಳು ಗಂಟೆಗೆ ಹೋಗಿ. ಮೂರನೇ ರಾಜನ ನೆನಪಿಗೆ 1974ರಲ್ಲಿ ಕಟ್ಟಿದ್ದು. ವಯಸ್ಸಾದವರೆಲ್ಲ ಫ್ಲಾಸ್ಕಿನಲ್ಲಿ ಚಹಾ ತಂದುಕೊಂಡು ದಿನವಿಡೀ ಪ್ರದಕ್ಷಿಣೆ ಹಾಕುತ್ತಾರೆ. ನಮ್ಮ ಹಾಗೇ ಬಲಕ್ಕೆ. ನಾವೂ ಅವರ ಜೊತೆ ಸುತ್ತಿದೆವು. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಎರಡು ಸುತ್ತು ಬಂದರು. ನಮಗಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ.

ಹೋಗುವ ಮುಂಚೆ ಬೈಲಕುಪ್ಪೆಗೆ ಮತ್ತೊಮ್ಮೆ ಹೋಗಿ ಬನ್ನಿ. ಈ ಸಲ ಫೋಟೊ ಬಿಟ್ಟು ಮೂರ್ತಿಗಳ ಕೈಯಲ್ಲಿ ಏನೇನಿದೆ ನೋಡಿ.

ಪ್ರಶ್ನೆ: ನಾವು ಅಪ್ಪಟ ಸಸ್ಯಾಹಾರಿಗಳು. ಅಲ್ಲಿ ಬರೀ ಮಾಂಸ ಎಂದು ಹೆದರಿಸುತ್ತಿದ್ದಾರೆ. ಅಡುಗೆಯವರನ್ನು ಕರೆದೊಯ್ಯುವ ಟೂರ್ ಹುಡುಕಬೇಕಾ? (ಹಾವೇರಿ)

ಉತ್ತರ: ಬೇಡ ಅಕ್ಕ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಿಂದ ಬರೆದಿದ್ದೀರಿ, ನಿಮಗೆ ಅಲ್ಲಿ ತವರುಮನೆ ಸಿಗುತ್ತದೆ. ಅವರಿಗೆ ಮೆಣಸಿನಕಾಯಿ ಮಸಾಲೆ ಅಲ್ಲ, ತರಕಾರಿ! ನಾವು ಬೆಂಡೆಕಾಯಿ ಹೆಚ್ಚುವ ಹಾಗೆ ಅವರು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ಚೀಸ್ ಹಾಕಿ ಬೇಯಿಸುತ್ತಾರೆ. ಅದೇ ಎಮಾ ದಾತ್ಶಿ. ಎಮಾ ಎಂದರೆ ಮೆಣಸಿನಕಾಯಿ, ದಾತ್ಶಿ ಎಂದರೆ ಚೀಸ್. ಆಲೂಗಡ್ಡೆ ಹಾಕಿದರೆ ಕೆವಾ ದಾತ್ಶಿ, ಅಣಬೆ ಹಾಕಿದರೆ ಶಾಮು ದಾತ್ಶಿ. ಜೊತೆಗೆ ಕೆಂಪಕ್ಕಿ ಅನ್ನ. ಕೆವಾ ದಾತ್ಶಿ ಮಕ್ಕಳಿಗೂ ಹಿಡಿಸುತ್ತದೆ, ಖಾರ ಕಡಿಮೆ. ಮಾರ್ಚ್ ಏಪ್ರಿಲ್‌ನಲ್ಲಿ ಎಳೆ ಜರಿಗಿಡದ ಸುರುಳಿಯ ಪಲ್ಯ ಸಿಗುತ್ತದೆ, ನಮ್ಮ ಕೊಡಗಿನವರು ತೆರ್ಮೆ ಸೊಪ್ಪು ಎನ್ನುತ್ತಾರಲ್ಲ, ಅಂಥದ್ದು. ಶರತ್ಕಾಲದಲ್ಲಿ ಹೋದರೆ ಪಾರೋದ ಮನೆಗಳ ಮಾಡಿನ ಮೇಲೆ ಮೆಣಸಿನಕಾಯಿ ಹರವಿರುವುದನ್ನು ನೋಡಿ ನಿಮಗೆ ಊರೇ ನೆನಪಾಗುತ್ತದೆ.

ಎಚ್ಚರ ಬೇಕಾದದ್ದು ಒಂದೇ ಕಡೆ. ದನದ ಮಾಂಸ, ಹಂದಿ ಮಾಂಸ ಅಲ್ಲಿ ಸಾಮಾನ್ಯ. ಒಣಮಾಂಸದ ಚೂರು ತರಕಾರಿಯಲ್ಲೂ ಇರಬಹುದು. ‘ವೆಜ್’ ಎಂದು ಸುಮ್ಮನಾಗದೆ, ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಎಂದು ಗೈಡ್ ಹತ್ತಿರ ಮೊದಲೇ ಹೇಳಿಬಿಡಿ. ಹೋಟೆಲಿಗೆ ಅವರೇ ಫೋನ್ ಮಾಡುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ದಾಲ್, ಚಪಾತಿ, ಆಲೂ ಗೋಬಿ ಸಿಕ್ಕೇ ಸಿಗುತ್ತದೆ. ಅರ್ಧ ಕೆಜಿ ಶೇಂಗಾ ಚಟ್ನಿಪುಡಿ, ಸ್ವಲ್ಪ ಒಗ್ಗರಣೆ ಅವಲಕ್ಕಿ ಇದ್ದರೆ ದಾರಿಗೆ ಸಾಕು. ಸುಜಾ ಎಂಬ ಬೆಣ್ಣೆ ಚಹಾ ಉಪ್ಪಾಗಿರುತ್ತದೆ. ಚಹಾ ಎಂದು ಕುಡಿದರೆ ಬೇಸರವಾಗುತ್ತದೆ. ಬಿಸಿ ಸಾರು ಎಂದುಕೊಂಡು ಕುಡಿಯಿರಿ, ಚಳಿಯಲ್ಲಿ ಎಷ್ಟು ಹಿತ ಎಂದು ತಿಳಿಯುತ್ತದೆ.

ಪ್ರಶ್ನೆ: ಹೋದ ತಿಂಗಳು ಪಾರೋ ಹಬ್ಬದ ಮುಖವಾಡದ ಕುಣಿತ ನೋಡಿ ಯಕ್ಷಗಾನ ನೆನಪಾಯಿತು ಎಂದು ಒಂದು ಸಾಲು ಬರೆದು ಬಿಟ್ಟುಬಿಟ್ಟಿರಿ. ನಾನು ಮೇಳದಲ್ಲಿ ವೇಷ ಮಾಡಿದವನು. ಸ್ವಲ್ಪ ವಿವರ ಬೇಕು. (ಹೊನ್ನಾವರ)

ಉತ್ತರ: ತಪ್ಪಾಯಿತು, ಈಗ ಬರೆಯುತ್ತೇನೆ. ಆ ಹಬ್ಬಕ್ಕೆ ಛೇಚು ಎನ್ನುತ್ತಾರೆ. ಹತ್ತನೇ ದಿನ, ಅಂದರೆ ದಶಮಿ, ಎಂದು ಅರ್ಥ. ಗುರು ರಿಂಪೋಚೆಯ ಹೆಸರಿನಲ್ಲಿ ನಡೆಯುತ್ತದೆ. ಪಾರೋದಲ್ಲಿ ಮಾರ್ಚ್ ಅಥವಾ ಏಪ್ರಿಲ್, ಥಿಂಫುವಿನಲ್ಲಿ ಸೆಪ್ಟೆಂಬರ್ ಅಥವಾ ಅಕ್ಟೋಬರ್. ಚಾಂದ್ರಮಾನದ ಲೆಕ್ಕವಾದ್ದರಿಂದ ತಾರೀಕು ಪ್ರತಿ ವರ್ಷ ಬದಲಾಗುತ್ತದೆ.

ನಿಮಗೆ ಹೇಳಲೇಬೇಕಾದದ್ದು ರಕ್ಷಾ ಮಾಂಗ್‌ಚಾಮ್ ಎಂಬ ಪ್ರಸಂಗ. ಸತ್ತವರ ವಿಚಾರಣೆ. ಯಮಧರ್ಮನ ದೊಡ್ಡ ಮೂರ್ತಿಯನ್ನು ಅಂಗಳಕ್ಕೆ ಹೊತ್ತು ತರುತ್ತಾರೆ. ಎತ್ತು, ಜಿಂಕೆ, ಹಾವು, ಹಂದಿ ಹೀಗೆ ಪ್ರಾಣಿ ಮುಖದ ಗಣಗಳು ಸುತ್ತ ಕುಣಿಯುತ್ತವೆ. ಬಿಳಿ ದೇವತೆ ಸತ್ತವನು ಮಾಡಿದ ಪುಣ್ಯ ಹೇಳುತ್ತಾನೆ, ಕರಿ ಭೂತ ಪಾಪ ಹೇಳುತ್ತದೆ. ತಕ್ಕಡಿಯಲ್ಲಿ ಬಿಳಿ ಕಲ್ಲು, ಕರಿ ಕಲ್ಲು ತೂಗುತ್ತಾರೆ. ಪಾಪಿಯನ್ನು ಕಪ್ಪು ಬಟ್ಟೆಯ ದಾರಿಯಲ್ಲಿ ಎಳೆದುಕೊಂಡು ಹೋಗುತ್ತಾರೆ, ಪುಣ್ಯವಂತನಿಗೆ ಬಿಳಿ ಬಟ್ಟೆ ಹಾಸುತ್ತಾರೆ. ನನ್ನ ಪಕ್ಕ ಕೂತ ಹೆಂಗಸು ಕೈಮುಗಿದುಕೊಂಡೇ ನೋಡುತ್ತಿದ್ದರು. ಸತ್ತ ಮೇಲೆ ಇಂಥ ಮುಖಗಳು ಎದುರಾಗುತ್ತವೆ, ಈಗಲೇ ನೋಡಿ ಪರಿಚಯ ಮಾಡಿಕೊಂಡರೆ ಆಗ ಹೆದರಿಕೆ ಇರುವುದಿಲ್ಲ ಎಂದು ನಮ್ಮ ಗೈಡ್ ಪಿಸುಮಾತಿನಲ್ಲಿ ಹೇಳಿದ. ಆ ಮಾತು ಕೇಳಿದ ಮೇಲೆ ನಾನು ಕ್ಯಾಮೆರಾ ಕೆಳಗಿಟ್ಟೆ.

ನಿಮ್ಮ ಹಾಸ್ಯಗಾರನೂ ಅಲ್ಲಿದ್ದಾನೆ. ಕೆಂಪು ಮುಖವಾಡದ ಅತ್ಸರ. ಆಚಾರ್ಯ ಎಂಬ ನಮ್ಮ ಪದದಿಂದಲೇ ಈ ಹೆಸರು ಬಂದಿದೆ ಎನ್ನುತ್ತಾರೆ. ಮಕ್ಕಳನ್ನು ಹೆದರಿಸುತ್ತಾನೆ, ದೊಡ್ಡವರನ್ನು ಕಾಡಿಸುತ್ತಾನೆ, ಕುಣಿಯುವವರ ಮುಖವಾಡದ ದಾರ ಸಡಿಲವಾದರೆ ಓಡಿಬಂದು ಬಿಗಿದು ಕೊಡುತ್ತಾನೆ. ಭಾಗವತಿಕೆ ಇಲ್ಲ, ಅರ್ಥಗಾರಿಕೆ ಇಲ್ಲ. ತಾಳ, ದೊಡ್ಡ ಡೋಲು, ಕಹಳೆ ಅಷ್ಟೇ. ಕತೆ ಗೊತ್ತಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಆಕಳಿಕೆ ಬರುತ್ತದೆ. ಹಿಂದಿನ ರಾತ್ರಿಯೇ ಗೈಡ್ ಹತ್ತಿರ ಪ್ರಸಂಗ ಕೇಳಿಟ್ಟುಕೊಳ್ಳಿ.

ಕೊನೆಯ ದಿನ ಬೆಳಗಿನ ಜಾವ ತಪ್ಪಿಸಬೇಡಿ. ಕಟ್ಟಡದಷ್ಟು ಎತ್ತರದ ಬಟ್ಟೆಯ ಚಿತ್ರಪಟ, ಥೋಂಗ್‌ಡ್ರೆಲ್, ಕತ್ತಲಲ್ಲೇ ಬಿಚ್ಚುತ್ತಾರೆ. ನಡುವೆ ಗುರು ರಿಂಪೋಚೆ. ಬಿಸಿಲು ಬೀಳುವ ಮೊದಲೇ ಸುತ್ತಿಡುತ್ತಾರೆ. ನಾವು ಮೂರು ಗಂಟೆಗೆ ಎದ್ದು, ಎರಡು ಸ್ವೆಟರ್ ಹಾಕಿಕೊಂಡು ಹೋಗಿದ್ದೆವು. ಚಳಿಗೆ ನಡುಗುತ್ತಾ ಸಾವಿರಾರು ಜನ ಸದ್ದಿಲ್ಲದೆ ನಿಂತಿದ್ದರು. ಅದರ ಕೆಳ ಅಂಚಿಗೆ ಹಣೆ ತಾಗಿಸಲು ತಾಯಂದಿರು ಮಕ್ಕಳನ್ನು ಎತ್ತಿ ಹಿಡಿಯುತ್ತಿದ್ದರು.

ಪ್ರಶ್ನೆ: ನಾನು ಟ್ರಾವೆಲ್ ವಿಡಿಯೊ ಮಾಡುತ್ತೇನೆ. ಡ್ರೋನ್ ಒಯ್ಯಬಹುದಾ? ಶಾರ್ಟ್ಸ್ ಹಾಕಬಹುದಾ? (ಬೆಂಗಳೂರು)

ಉತ್ತರ: ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಮನೆಯಲ್ಲೇ ಬಿಟ್ಟು ಹೋಗಪ್ಪ. ಜೋಂಗ್, ಗುಡಿಗಳಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟ್. ಟೋಪಿ ತೆಗೆಯಬೇಕು. ಗುಡಿಯೊಳಗೆ ಫೋಟೊ ಇಲ್ಲ. ನಮ್ಮ ಗರ್ಭಗುಡಿಯಲ್ಲಿ ತೆಗೆಯಲು ಬಿಡುತ್ತೇವಾ? ಹಾಗೇ ಇದು.

ಒಂದು ವಿಷಯ ನಿನಗೆ ಗೊತ್ತಿರಲಿ. ಥಿಂಫುವಿನಿಂದ ಪುನಾಖಾಕ್ಕೆ ಹೋಗುವಾಗ ದೋಚು ಲಾ ಎಂಬ ಕಣಿವೆದಾರಿ ಸಿಗುತ್ತದೆ, ಸುಮಾರು 3,100 ಮೀಟರ್ ಎತ್ತರ. ಅಲ್ಲಿ 108 ಪುಟ್ಟ ಚೋರ್ತೆನ್‌ಗಳು ಸಾಲಾಗಿ ನಿಂತಿವೆ. ಎಲ್ಲರೂ ಇಳಿದು ಫೋಟೊ ತೆಗೆದುಕೊಳ್ಳುತ್ತಾರೆ. 2019ರಲ್ಲಿ ನಮ್ಮ ದೇಶದ ಬೈಕ್ ಸವಾರನೊಬ್ಬ ಫೋಟೊಗಾಗಿ ಅದರ ಮೇಲೆ ಹತ್ತಿ ನಿಂತು, ಭೂತಾನ್ ಇಡೀ ನೊಂದುಕೊಂಡಿತ್ತು. ಅದು ಅಲಂಕಾರದ ಕಟ್ಟಡ ಅಲ್ಲ. ಅಸ್ಸಾಂ ಕಡೆಯ ಉಗ್ರರು ಭೂತಾನ್‌ನ ದಕ್ಷಿಣದ ಕಾಡಿನಲ್ಲಿ ಬೀಡುಬಿಟ್ಟಿದ್ದರು. 2003ರ ಡಿಸೆಂಬರ್‌ನಲ್ಲಿ ಆ ಪುಟ್ಟ ದೇಶದ ಸೈನ್ಯ ಅವರ ಮೇಲೆ ದಾಳಿ ಮಾಡಿ ಓಡಿಸಿತು. ಅಲ್ಲಿ ಜೀವ ಕೊಟ್ಟ ಸೈನಿಕರ ನೆನಪಿಗೆ ಮರುವರ್ಷ ಕಟ್ಟಿದ ಚೋರ್ತೆನ್‌ಗಳು ಇವು. ನಮ್ಮ ದೇಶದ ಜಗಳಕ್ಕೆ ಅವರ ಮನೆ ಮಕ್ಕಳು ಸತ್ತರು. ನಿನ್ನ ವಿಡಿಯೊದಲ್ಲಿ ಇದನ್ನು ಹೇಳು. ಕನ್ನಡದಲ್ಲಿ ಹೇಳಿದವರು ಕಡಿಮೆ.

ಎರಡು ಮಾತು ಕಲಿತುಕೊ. ನಮಸ್ಕಾರಕ್ಕೆ ‘ಕುಜುಜಾಂಗ್‌ಪೋ ಲಾ’, ಧನ್ಯವಾದಕ್ಕೆ ‘ಕಾದ್ರಿಂಚೆ ಲಾ’. ಕೊನೆಯ ‘ಲಾ’ ನಮ್ಮ ‘ರೀ’ ಇದ್ದ ಹಾಗೆ, ಮರ್ಯಾದೆಗೆ.

ಪ್ರಶ್ನೆ: ಅತ್ತೆ ಮಾವನ ಜೊತೆ ಹೋಗುತ್ತಿದ್ದೇವೆ. ಪುನಾಖಾ ಹತ್ತಿರದ ಹಳ್ಳಿಯಲ್ಲಿ ಮನೆ ಗೋಡೆಗಳ ಮೇಲೆಲ್ಲ ಪುರುಷಾಂಗದ ಚಿತ್ರ ಇದೆ ಎಂದು ಓದಿದೆ. ಮುಜುಗರವಾಗುತ್ತದಾ? (ಹೆಸರು ಬೇಡ, ಮೈಸೂರು)

ಉತ್ತರ: ಅದು ಚಿಮಿ ಲಾಖಾಂಗ್ ಎಂಬ ಗುಡಿಯ ಹಳ್ಳಿ. ದ್ರುಕ್ಪಾ ಕುನ್ಲೆ ಎಂಬ ಸಂತನ ಹೆಸರಿನದು, ಗುಡಿ 1499ರದ್ದು. ಹುಚ್ಚನಂತೆ ಹಾಡಿ, ಕುಣಿದು, ದೊಡ್ಡವರ ಸೋಗು ಬಯಲು ಮಾಡಿದ ಸಂತ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊರುತ್ತಾರೆ. ಗೋಡೆಯ ಚಿತ್ರ ಕೆಟ್ಟ ಕಣ್ಣು ಬೀಳದಿರಲಿ ಎಂದು, ನಾವು ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟುತ್ತೇವಲ್ಲ ಹಾಗೆ. ನಿಮ್ಮ ಅತ್ತೆಗೆ ಮೊದಲೇ ಒಂದು ಮಾತು ಹೇಳಿಬಿಡಿ. ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದವರೊಬ್ಬರಿದ್ದರು. ಅವರು ಸೊಸೆಗಾಗಿ ಅಲ್ಲಿ ಕೈಮುಗಿದು ಪ್ರಸಾದದ ದಾರ ತಂದರು. ಗದ್ದೆ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡಿಗೆ, ಅಷ್ಟೇ.

ಪ್ರಶ್ನೆ: ಭೂತಾನ್‌ನಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ ಎನ್ನುವುದು ನಿಜವೇ? (ಧಾರವಾಡ)

ಉತ್ತರ: ಎಲ್ಲರೂ ಸಂತೋಷವಾಗಿದ್ದಾರೆ ಎಂದು ಆ ದೇಶವೇ ಹೇಳಿಕೊಂಡಿಲ್ಲ. ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 1970ರ ದಶಕದಲ್ಲಿ, ದೇಶದ ಒಟ್ಟು ಉತ್ಪನ್ನಕ್ಕಿಂತ ಒಟ್ಟು ಸಂತೋಷ ಮುಖ್ಯ ಎಂದರು. ಅದನ್ನು ಒಂಬತ್ತು ಭಾಗ ಮಾಡಿ ಅಳೆಯುತ್ತಾರೆ: ಆರೋಗ್ಯ, ಓದು, ಮನಸ್ಸಿನ ನೆಮ್ಮದಿ, ಸಮಯದ ಬಳಕೆ, ನೆರೆಹೊರೆ ಹೀಗೆ. 2008ರ ಸಂವಿಧಾನದಲ್ಲಿ ದೇಶದ ಕನಿಷ್ಠ ನೂರಕ್ಕೆ 60 ಭಾಗ ಕಾಡು ಉಳಿಯಬೇಕು ಎಂದು ಬರೆದಿದ್ದಾರೆ. ಇದು ನನ್ನ ಮನಸ್ಸಿಗೆ ತಟ್ಟಿದ ಮಾತು. ಶರಾವತಿಯಲ್ಲಿ ಕಾಡು, ಊರು ಎರಡೂ ಮುಳುಗಿದ್ದನ್ನು ಕೇಳುತ್ತಾ ಬೆಳೆದವಳು ನಾನು.

ಆದರೆ ಇನ್ನೊಂದು ಮುಖವೂ ಇದೆ. 1990ರ ದಶಕದ ಆರಂಭದಲ್ಲಿ ದಕ್ಷಿಣದ ನೇಪಾಳಿ ಮಾತಾಡುವ ಒಂದು ಲಕ್ಷದಷ್ಟು ಜನ ದೇಶ ಬಿಡಬೇಕಾಯಿತು. ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿದ್ದು, ಹೆಚ್ಚಿನವರು ಆಮೇಲೆ ಅಮೆರಿಕ ಮುಂತಾದ ಕಡೆ ಹೋದರು. ಈಗ ಓದಿದ ಹುಡುಗ ಹುಡುಗಿಯರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ನಮ್ಮ ಗೈಡ್‌ನ ತಂಗಿ ಪರ್ತ್‌ನಲ್ಲಿದ್ದಾಳೆ. ‘ಅಮ್ಮ ದಿನಾ ಸಂಜೆ ವಿಡಿಯೊ ಕಾಲ್‌ನಲ್ಲಿ ಅವಳಿಗೆ ದೇವರಮನೆ ದೀಪ ತೋರಿಸ್ತಾಳೆ’ ಎಂದ. ಅದನ್ನು ಹೇಳುವಾಗ ಅವನು ಕಿಟಕಿ ಕಡೆ ನೋಡುತ್ತಿದ್ದ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಾನು ಕಂಡಿರುವ ದೃಶ್ಯ ಅದು.

ಪ್ರಶ್ನೆ: ಅಮ್ಮನಿಗೆ 71. ಮಂಡಿನೋವು ಇದೆ. ಟೈಗರ್ಸ್ ನೆಸ್ಟ್ ನೋಡಲೇಬೇಕು ಎಂದು ಹಟ. ಕರೆದುಕೊಂಡು ಹೋಗಲಾ? (ಶಿರಸಿ)

ಉತ್ತರ: ಕರೆದುಕೊಂಡು ಹೋಗಮ್ಮ, ಆದರೆ ಪ್ರವಾಸದ ಕೊನೆಯ ದಿನಗಳಲ್ಲಿ. ಥಿಂಫುವೇ 2,300 ಮೀಟರಿಗಿಂತ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿ ಸುಮಾರು 1,925. ಅಂದರೆ ಅಲ್ಲಿ ಮಲಗಿ ಎದ್ದರೂ ನೀವು ಕರ್ನಾಟಕದ ತುದಿಗಿಂತ ಮೇಲಿರುತ್ತೀರಿ. ಮೈ ಒಗ್ಗಲು ನಾಲ್ಕು ದಿನ ಕೊಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಟೈಗರ್ಸ್ ನೆಸ್ಟ್‌ಗೆ ಅಲ್ಲಿಯವರು ತಾಕ್‌ಸಾಂಗ್ ಎನ್ನುತ್ತಾರೆ, ಹುಲಿಯ ಗುಹೆ ಎಂದು ಅರ್ಥ. ಗುರು ರಿಂಪೋಚೆ ಹೆಣ್ಣು ಹುಲಿಯ ಮೇಲೆ ಹಾರಿಬಂದು ಅಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆ. ಗುಡಿ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿಗೆ ಸುಟ್ಟುಹೋಗಿತ್ತು, ಮತ್ತೆ ಕಟ್ಟಿದರು. ಗುಡಿ ಇರುವುದು 3,120 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿ. ಹತ್ತಲು ಎರಡು ಮೂರು ಗಂಟೆ ಬೇಕು. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ ಇದೆ, ಅಲ್ಲಿಯವರೆಗೆ ಕುದುರೆ ಸಿಗುತ್ತದೆ. ಇಳಿಯುವಾಗ ಕುದುರೆ ಇಲ್ಲ, ನಡೆದೇ ಬರಬೇಕು. ಮಂಡಿಗೆ ಕಷ್ಟ ಇಳಿಯುವಾಗಲೇ ಜಾಸ್ತಿ, ಬುಡದಲ್ಲಿ ಕೋಲು ಬಾಡಿಗೆಗೆ ತೆಗೆದುಕೊಳ್ಳಿ. ಕೆಫೆಟೇರಿಯಾದ ನಂತರ ಇನ್ನೂ ಹತ್ತಿ, ಆಮೇಲೆ ನೂರಾರು ಮೆಟ್ಟಿಲು ಇಳಿದು ಜಲಪಾತದ ಪಕ್ಕ ಸೇತುವೆ ದಾಟಿ ಮತ್ತೆ ಹತ್ತಬೇಕು. ಅಷ್ಟು ಅಮ್ಮನಿಗೆ ಬೇಡ ಎನಿಸುತ್ತದೆ. ಕೆಫೆಟೇರಿಯಾದಲ್ಲಿ ಕೂತರೆ ಎದುರಿಗೇ ಗುಡಿ ಕಾಣುತ್ತದೆ.

ನಮ್ಮ ಐವರಲ್ಲಿ ಒಬ್ಬಳು, ನನ್ನ ಜೊತೆ ಪಾಠ ಮಾಡುತ್ತಿದ್ದ ಗೆಳತಿ, ಅಲ್ಲೇ ಉಳಿದಳು. ಅವಳಿಗೂ ಮಂಡಿನೋವು. ಅವಳನ್ನು ಬಿಟ್ಟು ಹೋಗುವಾಗ ನನಗೆ ಹೊಟ್ಟೆಯಲ್ಲಿ ಸಂಕಟ. ನಾವು ಮೇಲೆ ಹೋಗಿ, ಫೋನು ಚೀಲ ಎಲ್ಲ ಬಾಗಿಲಲ್ಲಿ ಇಟ್ಟು, ಗುಹೆಯ ಮುಂದೆ ದೀಪ ಹಚ್ಚಿ ವಾಪಸ್ ಬರುವಷ್ಟರಲ್ಲಿ ಮೂರೂವರೆ ಗಂಟೆ ಆಗಿತ್ತು. ಅವಳು ಶಾಲು ಹೊದ್ದು, ದೊಡ್ಡ ಪ್ರಾರ್ಥನಾ ಚಕ್ರದ ಪಕ್ಕ ಕೂತಿದ್ದಳು. ‘ಆರು ಸಲ ಮೋಡ ಮುಚ್ಚಿತು, ಆರು ಸಲ ಬಿಟ್ಟಿತು. ಪ್ರತಿ ಸಲ ಗುಡಿ ಬೇರೆ ಕಡೆ ಇದ್ದ ಹಾಗೆ ಕಾಣ್ತು ಕಣೇ’ ಎಂದಳು. ನಾವು ನಾಲ್ವರೂ ಅವಳ ಸುತ್ತ ಕೂತು, ಬಿಸಿ ಚಹಾ ತರಿಸಿಕೊಂಡು, ಮೊದಲು ಅವಳು ಕಂಡದ್ದನ್ನೇ ಪೂರ್ತಿ ಕೇಳಿದೆವು.